ಏರ್ ರೈಫಲ್‌ಗೆ ಯಾವ ಕ್ಯಾಲಿಬರ್? ಇಂಗ್ಲೆಂಡಿನಲ್ಲಿ ಸಣ್ಣ ಮಿಕ ಹೊಡೆಯುವವರಿಗೆ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮನೆ ಮಾಡಿರುವ ನಮ್ಮವರಿಂದ ಕ್ಯಾಲಿಬರ್, ಅಂದರೆ ಬ್ಯಾರೆಲ್ಲಿನ ತೂತಿನ ಅಗಲದ ಬಗ್ಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪಕ್ಕದ ಫಾರ್ಮಿನವರು ಮೊಲ ಹೊಡೆಯಲು ಒಪ್ಪಿದ್ದಾರೆ, 0.22 ತಗೊಳ್ಳಲಾ, 0.177 ತಗೊಳ್ಳಲಾ? ಉತ್ತರ ಹೇಳಿದರೆ ಖುಷಿಯಿಂದ ಹೋಗುತ್ತಾರೆ. ಎರಡು ತಿಂಗಳಾದ ಮೇಲೆ ಸಪ್ಪೆ ಮುಖ ಮಾಡಿಕೊಂಡು ಬರುತ್ತಾರೆ. ಗುಂಡು ತಾಗುತ್ತಿಲ್ಲ, ಅಥವಾ ತಾಗಿದರೂ ಮೊಲ ಬಿಲಕ್ಕೆ ಓಡಿಹೋಗುತ್ತಿದೆ. ಈಗ ಕ್ಯಾಲಿಬರ್ ಬದಲಾಯಿಸಬೇಕು ಅಂತಾರೆ.

ನಾನೂ ಹಾಗೇ ಎಡವಿದವನು. ನನ್ನ ಮೊದಲ ಕೋವಿ 0.22. ಅಂಗಡಿಯವರು ಇಲ್ಲಿ ಎಲ್ಲರ ಬಾಯಲ್ಲೂ ಇರುವ ಹಳೆಯ ಮಾತನ್ನೇ ಹೇಳಿದ್ದರು: ರೆಕ್ಕೆಗೆ 0.177, ತುಪ್ಪಳಕ್ಕೆ 0.22. ಮೊಲಕ್ಕೆ ತುಪ್ಪಳ ಇದೆಯಲ್ಲ, ಸರಿ ಅಂದುಕೊಂಡೆ. ಆ ಬೇಸಿಗೆಯಿಡೀ ಸೀಸದ ಸಣ್ಣ ಗುಂಡುಗಳಾದ ಪೆಲೆಟ್‌ಗಳು ಮೊಲದ ಗದ್ದದ ಕೆಳಗೆ ಮಣ್ಣು ಹಾರಿಸಿದವು. ಒಂದು ಮೊಲ ಗಾಯಗೊಂಡು ಬಿಲ ಸೇರಿತು, ಸಿಗಲೇ ಇಲ್ಲ. ಕೋವಿಯಲ್ಲಿ ಏನೂ ದೋಷವಿರಲಿಲ್ಲ. ನಾನು ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಮೊದಲು ಕೇಳಿದ್ದೆ, ಅಷ್ಟೇ.

ಹಾಗಾಗಿ ಇಲ್ಲಿ ಹಂತಗಳ ಕ್ರಮ ಮುಖ್ಯ. ಕ್ಯಾಲಿಬರ್ ತೀರ್ಮಾನ ಆಗುವುದು ಆರನೇ ಹಂತದಲ್ಲಿ. ನೇರ ಅಲ್ಲಿಗೆ ಹಾರಬೇಡಿ.

ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಮೊದಲೇ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಹೊಲದ ಬದುವಿನ ಮೊಲವೂ ಅದರಲ್ಲಿ ಸೇರಿದೆ. ಅಲ್ಲಿ ಏರ್ ರೈಫಲ್ ಇರುವುದು ಕಾಗದದ ಗುರಿಗೆ, ಜಾತ್ರೆಯ ಬಲೂನಿಗೆ. ಇಲ್ಲಿ ಹೇಳಿರುವುದೆಲ್ಲ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮಾತು.

ಮೊದಲು ಜೋಡಿಸಿಕೊಳ್ಳಬೇಕಾದ ಸಾಮಾನು

ಅಳತೆ ಟೇಪು ಒಂದು, ಐವತ್ತು ಮೀಟರಿನದ್ದಾದರೆ ಒಳ್ಳೆಯದು. ಲೇಸರ್ ರೇಂಜ್‌ಫೈಂಡರ್ ಇದ್ದರೆ ಇನ್ನೂ ಸಲೀಸು. ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಬೇಕು. ಅದನ್ನು ಕೊಳ್ಳಲೇಬೇಕೆಂದಿಲ್ಲ, ಹತ್ತಿರದ ಕ್ಲಬ್ಬಿನಲ್ಲಿ ಸಾಮಾನ್ಯವಾಗಿ ಒಂದು ಇರುತ್ತದೆ. ಕಾಗದದ ಗುರಿಗಳು, ದಪ್ಪ ಹಲಗೆ, ಮರಳು ತುಂಬಿದ ಪೆಟ್ಟಿಗೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್.

ಗುರಿ ನೋಡುವ ಸ್ಕೋಪಿಗೆ ನೂರಾರು ಪೌಂಡ್ ಸುರಿದು ಟೇಪಿಗೆ ಐದು ಪೌಂಡ್ ಕೊಡಲು ಹಿಂದೆಮುಂದೆ ನೋಡುವವರನ್ನು ಕಂಡಿದ್ದೇನೆ. ಈ ಕೆಲಸದಲ್ಲಿ ಟೇಪೇ ದೊಡ್ಡದು. ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಕಾನೂನಿನ ಗೆರೆ ಎಲ್ಲಿದೆ ನೋಡಿಕೊಳ್ಳಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೆಲೆಟ್ ಹೊರಡುವಾಗಿನ ಶಕ್ತಿ 12 ಅಡಿ-ಪೌಂಡ್, ಅಂದರೆ ಸುಮಾರು 16.27 ಜೂಲ್ ಒಳಗಿರುವ ಮಾಮೂಲಿ ಏರ್ ರೈಫಲ್‌ಗೆ ಪೊಲೀಸರ ಪ್ರಮಾಣಪತ್ರ ಬೇಡ. ಅದನ್ನು ದಾಟಿದರೆ ಬೇಕು. ಪ್ರಮಾಣಪತ್ರ ಇಲ್ಲದೆ ದಾಟಿದ ಕೋವಿ ಇಟ್ಟುಕೊಂಡರೆ ಗಂಭೀರ ಅಪರಾಧ. "ನನಗೆ ಗೊತ್ತಿರಲಿಲ್ಲ" ಅಂದರೆ ಕೇಳುವವರಿಲ್ಲ.

ಗಡಿ ದಾಟಿದರೆ ನಿಯಮ ಬದಲಾಗುತ್ತದೆ. ಸ್ಕಾಟ್ಲೆಂಡಿನಲ್ಲಿ 2016ರ ಡಿಸೆಂಬರ್ 31ರಿಂದ ಇಂಥ ಏರ್ ರೈಫಲ್‌ಗೂ ಪ್ರಮಾಣಪತ್ರ ಕಡ್ಡಾಯ. ಉತ್ತರ ಐರ್ಲೆಂಡಿನಲ್ಲಿ 1 ಜೂಲ್ ಮೀರಿದರೇ ಬೇಕು. ಅಮೆರಿಕದಲ್ಲಿರುವವರು ತಮ್ಮ ರಾಜ್ಯದ ಬೇಟೆ ನಿಯಮದ ಪುಸ್ತಿಕೆ ತೆರೆಯಿರಿ. ಯಾವ ಮಿಕಕ್ಕೆ ಏರ್ ರೈಫಲ್ ನಡೆಯುತ್ತದೆ ಅನ್ನುವುದು ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಕೊಳ್ಳಲು 18 ವರ್ಷ ತುಂಬಿರಬೇಕು. ನೋಂದಾಯಿತ ವ್ಯಾಪಾರಿಯಿಂದ ಕೊಳ್ಳುವಾಗ ಕೋವಿ ಎದುರಾಎದುರೇ ಕೈಗೆ ಬರಬೇಕು. ಮಕ್ಕಳಿರುವ ಮನೆಯಾದರೆ ಬೀಗ ಹಾಕಿಡಿ, ಕೋವಿ ಅವರ ಕೈಗೆ ಸಿಗದಂತೆ ಎಚ್ಚರ ವಹಿಸುವುದು ನಿಮ್ಮ ಕಾನೂನಿನ ಜವಾಬ್ದಾರಿ. ಜಮೀನಿನವರ ಅನುಮತಿಯನ್ನು ಬರಹದಲ್ಲೇ ತಗೊಳ್ಳಿ. ಪೆಲೆಟ್ ಆ ಜಮೀನಿನ ಬೇಲಿ ದಾಟಬಾರದು. ಬಾಯಿಮಾತಿನ ಒಪ್ಪಿಗೆ ಪೊಲೀಸರ ಕಾರು ಬಂದ ದಿನ ಕೆಲಸಕ್ಕೆ ಬರುವುದಿಲ್ಲ.

ಈ ಗೆರೆಯೇ ಕ್ಯಾಲಿಬರ್ ಪ್ರಶ್ನೆಯನ್ನು ಕಟ್ಟಿಹಾಕುವುದು. ಯಾವ ಕ್ಯಾಲಿಬರ್ ತಗೊಂಡರೂ ನಿಮಗೆ ಸಿಗುವ ಶಕ್ತಿ ಅದೇ 12ರ ಒಳಗೆ. ದೊಡ್ಡ ಕ್ಯಾಲಿಬರ್ ಅಂದರೆ ಜಾಸ್ತಿ ಶಕ್ತಿ ಅಂದುಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು.

ಹಂತ 2: ಮಿಕ ಯಾವುದು, ಬರೆದಿಡಿ

"ಸಣ್ಣಪುಟ್ಟದ್ದು ಏನಾದರೂ" ಅನ್ನುವುದು ಉತ್ತರವಲ್ಲ. ಜಮೀನಿನವರು ಯಾವುದರಿಂದ ಬೇಸತ್ತಿದ್ದಾರೆ ಕೇಳಿ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು: ಮೊಲ, ಕಂದು ಇಲಿ, ಬೂದು ಅಳಿಲು, ಕಾಡು ಪಾರಿವಾಳ.

ಮೊಲದ ವಿಷಯದಲ್ಲಿ ಕನ್ನಡದವರಿಗೆ ಒಂದು ಗುಂಡಿ ಕಾದಿದೆ. ನಾವು ಎಲ್ಲಕ್ಕೂ ಮೊಲ ಅಂತೇವೆ. ಇಲ್ಲಿ ರ‍್ಯಾಬಿಟ್ ಬೇರೆ, ಹೇರ್ ಬೇರೆ. ನಮ್ಮೂರ ಹೊಲದಲ್ಲಿ ಓಡುವುದು ಹೇರ್ ಜಾತಿಯದ್ದು. ಇಲ್ಲಿ ನಿಮಗೆ ಬೇಕಾದದ್ದು ರ‍್ಯಾಬಿಟ್. ಅದು ಚಿಕ್ಕದು, ಬಿಲ ತೋಡಿಕೊಂಡು ಗುಂಪಾಗಿರುತ್ತದೆ. ಹೇರ್ ದೊಡ್ಡದು, ಕಾಲು ಉದ್ದ, ಕಿವಿಯ ತುದಿ ಕಪ್ಪು, ಬಯಲಲ್ಲೇ ಮಲಗುತ್ತದೆ. 12 ಅಡಿ-ಪೌಂಡಿನ ಕೋವಿ ಅದಕ್ಕೆ ಸಾಲದು. ಕಂಡರೆ ನೋಡಿ, ಬಿಟ್ಟುಬಿಡಿ. ಅಳಿಲಿನಲ್ಲೂ ಹಾಗೇ. ಬೂದು ಅಳಿಲನ್ನು ಹೊಡೆಯಬಹುದು, ಕೆಂಪು ಅಳಿಲಿಗೆ ಕಾನೂನಿನ ರಕ್ಷಣೆ ಇದೆ. ಬೂದು ಅಳಿಲಿಗೂ ಕೆಲವೊಮ್ಮೆ ಕೆಂಪು ಛಾಯೆ ಇರುತ್ತದೆ. ಅನುಮಾನ ಬಂದರೆ ಟ್ರಿಗರ್‌ನಿಂದ ಬೆರಳು ತೆಗೆಯಿರಿ.

ಪಾರಿವಾಳಕ್ಕೆ ಇನ್ನೊಂದು ಮೆಟ್ಟಿಲು. ಇಲ್ಲಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆ ಎಲ್ಲ ಕಾಡುಹಕ್ಕಿಗಳಿಗೂ ರಕ್ಷಣೆ ಕೊಟ್ಟಿದೆ. ಬೆಳೆ ಹಾಳಾಗುವುದನ್ನು ತಡೆಯುವಂಥ ಕಾರಣಕ್ಕೆ ಮಾತ್ರ ಸರ್ಕಾರ ಸಾಮಾನ್ಯ ಪರವಾನಗಿ ಹೊರಡಿಸುತ್ತದೆ. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಆದರೆ ಓದಿರಬೇಕು, ಷರತ್ತು ಪಾಲಿಸಬೇಕು. ಪಲ್ಯಕ್ಕೆ ಬೇಕಿತ್ತು ಅನ್ನುವುದು ಕಾರಣವಾಗುವುದಿಲ್ಲ. ಷರತ್ತುಗಳು ಬದಲಾಗುತ್ತಿರುತ್ತವೆ, ಹೋದ ವರ್ಷ ಓದಿದ್ದೆ ಅಂತ ಸುಮ್ನೆ ಇರಬೇಡಿ.

ಹಂತ 3: ನೀವು ನಿಜವಾಗಿ ಹೊಡೆಯುವ ದೂರ ಅಳೆಯಿರಿ

ಕೋವಿ ಇಲ್ಲದೆ ಆ ಜಮೀನಿಗೆ ಎರಡು ಸಂಜೆ ಹೋಗಿ. ಮೊಲ ಎಲ್ಲಿ ಹೊರಬರುತ್ತದೆ, ನೀವು ಎಲ್ಲಿ ಮರೆಯಾಗಿ ಕೂರಬಹುದು, ನಡುವೆ ಎಷ್ಟು ದೂರ? ಮೊದಲು ಕಣ್ಣಂದಾಜಿನಲ್ಲಿ ಬರೆಯಿರಿ. ಆಮೇಲೆ ಟೇಪು ಹಿಡಿದು ಅಳೆಯಿರಿ. ಎರಡರ ವ್ಯತ್ಯಾಸ ನೋಡಿ ನಗು ಬರುತ್ತದೆ. ಹಸಿರು ಹುಲ್ಲಿನ ಬಯಲಲ್ಲಿ 25 ಮೀಟರ್ ಅಂದುಕೊಂಡದ್ದು 32 ಇರುತ್ತದೆ. ಇಳಿಜಾರಿನಲ್ಲಿ ಇನ್ನೂ ಮೋಸ.

ನೋಟ್‌ಬುಕ್ಕಿನಲ್ಲಿ ಎರಡು ಸಾಲು ಇರಲಿ. ಒಂದು, ಹೊಡೆತದ ದೂರ ಪ್ರತಿಸಲ ಒಂದೇನಾ, ಬೇರೆ ಬೇರೆಯಾ? ಕೊಟ್ಟಿಗೆಯ ಇಲಿ, ಕಾಳಿನ ಡಬ್ಬಿಗೆ ಬರುವ ಅಳಿಲು ಅಂದರೆ ದೂರ ಮೊದಲೇ ಗೊತ್ತು. ಬೇಲಿಯುದ್ದಕ್ಕೂ ನಡೆದು ಮೊಲ ಹುಡುಕುವುದಾದರೆ ಪ್ರತಿ ಹೊಡೆತವೂ ಹೊಸ ದೂರ. ಎರಡು, ನಿಮ್ಮ ಕಣ್ಣಂದಾಜು ಸಾಮಾನ್ಯವಾಗಿ ಎಷ್ಟು ಮೀಟರ್ ತಪ್ಪುತ್ತದೆ? ಈ ಎರಡನೇ ಸಂಖ್ಯೆಯೇ ಮುಂದೆ ಕ್ಯಾಲಿಬರ್ ಹೇಳುವುದು.

ಹಂತ 4: ನಾಲ್ಕು ಕ್ಯಾಲಿಬರ್, ಒಂದೇ ಶಕ್ತಿ: ಲೆಕ್ಕ ಹಾಕಿ

ಅಂಗಡಿಯಲ್ಲಿ ಸಿಗುವುದು ನಾಲ್ಕು. 0.177 ಅಂದರೆ 4.5 ಮಿಲಿಮೀಟರ್. 0.20 ಅಂದರೆ 5. 0.22 ಅಂದರೆ 5.5. 0.25 ಅಂದರೆ 6.35. ಈ ಸಂಖ್ಯೆಗಳು ಇಂಚಿನ ಅಳತೆ.

ಪೆಲೆಟ್ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ಗುಲಗಂಜಿ ಲೆಕ್ಕ ಗೊತ್ತಿದ್ದರೆ ಒಂದು ಗುಲಗಂಜಿಗೆ ಹತ್ತಿರ ಹತ್ತಿರ ಎರಡು ಗ್ರೇನ್. 0.177ರಲ್ಲಿ ಜನ ಜಾಸ್ತಿ ಬಳಸುವ 8.44 ಗ್ರೇನ್ ಪೆಲೆಟ್ ನಾಲ್ಕೂವರೆ ಗುಲಗಂಜಿ ತೂಗುತ್ತದೆ. 0.22ರ 15.89 ಗ್ರೇನ್ ಪೆಲೆಟ್ ಎಂಟೂವರೆ ಗುಲಗಂಜಿ. 0.25ರದ್ದು 25.4 ಗ್ರೇನ್.

ಶಕ್ತಿ ಒಂದೇ ಇರುವಾಗ ತೂಕ ಹೆಚ್ಚಿದರೆ ವೇಗ ಇಳಿಯಲೇಬೇಕು. 11.5 ಅಡಿ-ಪೌಂಡಿಗೆ ಕೂಡಿ ಕಳೆದರೆ 0.177ರ ಪೆಲೆಟ್ ಸೆಕೆಂಡಿಗೆ ಸುಮಾರು 239 ಮೀಟರ್ ವೇಗದಲ್ಲಿ ಹೊರಡುತ್ತದೆ. 0.22ರದ್ದು 174. 0.25ರದ್ದು 138. ನಿಧಾನ ಹೋಗುವ ಪೆಲೆಟ್‌ಗೆ ಕೆಳಗೆ ಬೀಳಲು ಜಾಸ್ತಿ ಸಮಯ ಸಿಗುತ್ತದೆ. ಅದರ ದಾರಿ ಹೆಚ್ಚು ಬಾಗುತ್ತದೆ.

ಎಷ್ಟು ಬಾಗುತ್ತದೆ? ಸ್ಕೋಪನ್ನು 27 ಮೀಟರಿಗೆ ಸರಿಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಸ್ಕೋಪಿನ ನಡು ಬ್ಯಾರೆಲ್ಲಿನ ನಡುವಿಗಿಂತ ನಾಲ್ಕೂವರೆ ಸೆಂಟಿಮೀಟರ್ ಮೇಲಿದೆ. ಈಗ ಮೊಲ 27ರಲ್ಲಿದೆ ಅಂದುಕೊಂಡು ಹೊಡೆಯುತ್ತೀರಿ, ನಿಜವಾಗಿ ಅದು 32ರಲ್ಲಿದೆ. ಬರೀ ಐದು ಮೀಟರ್ ತಪ್ಪು. 0.177ರ ಪೆಲೆಟ್ ಸುಮಾರು 1 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 0.22ರದ್ದು ಎರಡೂಕಾಲು, ಎರಡೂವರೆ ಸೆಂಟಿಮೀಟರ್ ಕೆಳಗೆ.

ಮೊಲದ ತಲೆಯಲ್ಲಿ ಒಂದೇ ಏಟಿಗೆ ಜೀವ ಹೋಗುವ ಜಾಗ ಕಣ್ಣಿಗೂ ಕಿವಿಯ ಬುಡಕ್ಕೂ ನಡುವೆ ಇದೆ. ಅಗಲ ಸುಮಾರು 25 ಮಿಲಿಮೀಟರ್, ಹಳೆಯ ಒಂದು ರೂಪಾಯಿ ನಾಣ್ಯದಷ್ಟು. ನಡುವಿಗೆ ಗುರಿ ಇಟ್ಟರೆ ಕೆಳಗೆ ನಿಮಗೆ ಸಿಗುವ ಅವಕಾಶ ಒಂದೂಕಾಲು ಸೆಂಟಿಮೀಟರ್. 0.177 ಅದರೊಳಗೆ ಉಳಿಯುತ್ತದೆ. 0.22 ದವಡೆಗೆ ತಾಗುತ್ತದೆ. ನನ್ನ ಮೊದಲ ಬೇಸಿಗೆಯ ಕತೆಯೆಲ್ಲ ಈ ನಾಲ್ಕು ಸಾಲಿನಲ್ಲಿದೆ.

ಇನ್ನೂ ಮುಂದೆ, 36 ಮೀಟರಿನಲ್ಲಿ 0.177 ಎರಡೂವರೆ ಸೆಂಟಿಮೀಟರ್ ಕೆಳಗಿದ್ದರೆ 0.22 ಐದೂವರೆ, 0.25 ಒಂಬತ್ತಕ್ಕಿಂತ ಜಾಸ್ತಿ. ನಿಮ್ಮ ಪೆಲೆಟ್, ನಿಮ್ಮ ಸ್ಕೋಪಿನ ಎತ್ತರಕ್ಕೆ ತಕ್ಕಂತೆ ಸಂಖ್ಯೆ ಆಚೀಚೆ ಆಗುತ್ತದೆ. ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ.

ಹಾಗಾದರೆ ಎಲ್ಲರೂ 0.177 ತಗೊಂಡುಬಿಡಲಿ ಅಲ್ವಾ? ಅಷ್ಟು ಸಲೀಸಲ್ಲ. 0.22ರ ಪೆಲೆಟ್ ಅಗಲ, ಮಾಡುವ ತೂತು ದೊಡ್ಡದು, ಶಕ್ತಿಯನ್ನು ಮಿಕದೊಳಗೇ ಬಿಡುವ ಸಾಧ್ಯತೆ ಜಾಸ್ತಿ. ಸಪೂರದ 0.177 ಕೆಲವೊಮ್ಮೆ ಆರಪಾರ ಹೋಗಿ ಉಳಿದ ಶಕ್ತಿಯನ್ನು ಹಿಂದಿನ ಮಣ್ಣಿಗೆ ಕೊಡುತ್ತದೆ. 27 ಮೀಟರಿನಲ್ಲಿ 0.22 ಉಳಿಸಿಕೊಳ್ಳುವ ಶಕ್ತಿಯೂ ಸ್ವಲ್ಪ ಜಾಸ್ತಿ. 0.177ರಲ್ಲಿ ಸುಮಾರು 8 ಅಡಿ-ಪೌಂಡ್ ಉಳಿದರೆ ಇದರಲ್ಲಿ ಸುಮಾರು 9. ಜಾಗ ಸ್ವಲ್ಪ ತಪ್ಪಿದಾಗ ಇದು ಉಪಕಾರಕ್ಕೆ ಬರುತ್ತದೆ ಅಂತ 0.22ರ ಅಭಿಮಾನಿಗಳು ಹೇಳುತ್ತಾರೆ. ಮಿಲಿಮೀಟರುಗಳ ಮಟ್ಟಿಗೆ ನಿಜ. ಸೆಂಟಿಮೀಟರ್ ತಪ್ಪಿದರೆ ಯಾವ ಕ್ಯಾಲಿಬರೂ ಉಪಕಾರ ಮಾಡುವುದಿಲ್ಲ.

ಹಂತ 5: ಸ್ಪ್ರಿಂಗಾ, ಪಿಸಿಪಿಯಾ?

ಬ್ಯಾರೆಲ್ ಮಡಚಿ ಅಥವಾ ಕೆಳಗಿನ ಸನ್ನೆ ಎಳೆದು ಸ್ಪ್ರಿಂಗ್ ಬಿಗಿಮಾಡುವ ಕೋವಿ ಒಂದು ಬಗೆ. ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ಇನ್ನೊಂದು. ವೈರಾಖ್, ಏರ್ ಆರ್ಮ್ಸ್ ಎರಡೂ ಬಗೆ ಮಾಡುತ್ತವೆ.

ಸ್ಪ್ರಿಂಗ್ ಕೋವಿ ಹೊಡೆದಾಗ ಹಿಂದೆಮುಂದೆ ಕುಪ್ಪಳಿಸುತ್ತದೆ. ಬಿಗಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ. ಮುಂಗೈ ಮೇಲೆ ಹಗುರಾಗಿ ಕೂರಿಸಿ, ಪ್ರತಿಸಲ ಅದೇ ಜಾಗದಲ್ಲಿ ಹಿಡಿಯಬೇಕು. ಇದನ್ನು ಕಲಿಯಲು ತಿಂಗಳುಗಳು ಬೇಕು. ಗುಂಡು ಅಲ್ಲಿಲ್ಲಿ ಹೋದಾಗ ಜನ ಕ್ಯಾಲಿಬರನ್ನು ಬೈಯುತ್ತಾರೆ, ತಪ್ಪು ಹಿಡಿತದ್ದು. ಸ್ಕೋಪ್ ಕೂಡ ಸ್ಪ್ರಿಂಗ್ ಕೋವಿಯ ಹೊಡೆತ ತಡೆಯುವಂಥದ್ದೇ ಆಗಿರಬೇಕು.

ಪಿಸಿಪಿಯಲ್ಲಿ ಒದೆತ ಇಲ್ಲವೆಂದರೂ ನಡೆಯುತ್ತದೆ. ದುಡ್ಡು ಜಾಸ್ತಿ, ಗಾಳಿ ತುಂಬಲು ಬಾಟಲಿ ಅಥವಾ ಪಂಪು ಬೇಕು. ಇಲ್ಲಿ ಕ್ಯಾಲಿಬರ್ ಒಂದು ಸಣ್ಣ ವ್ಯತ್ಯಾಸ ಮಾಡುತ್ತದೆ. ಪೆಲೆಟ್ಟಿನ ಹಿಂಬದಿ ಅಗಲವಿದ್ದಷ್ಟೂ ಗಾಳಿ ಅದನ್ನು ಸುಲಭವಾಗಿ ತಳ್ಳುತ್ತದೆ. ಹಾಗಾಗಿ ಅದೇ ಶಕ್ತಿಗೆ 0.22 ಕಡಿಮೆ ಗಾಳಿ ಕುಡಿಯುತ್ತದೆ. ಒಂದು ತುಂಬಿಗೆ ಒಂದಷ್ಟು ಹೊಡೆತ ಜಾಸ್ತಿ ಸಿಗುತ್ತದೆ.

ಹಂತ 6: ಈಗ ತೀರ್ಮಾನ

ನೋಟ್‌ಬುಕ್ ತೆರೆಯಿರಿ.

ದೂರ ಬದಲಾಗುತ್ತಿರುತ್ತದೆ, ಕಣ್ಣಂದಾಜು ನಾಲ್ಕೈದು ಮೀಟರ್ ತಪ್ಪುತ್ತದೆ, ಮಿಕ ಮೊಲ ಅಥವಾ ಪಾರಿವಾಳ ಅಂತಿದ್ದರೆ 0.177 ತಗೊಳ್ಳಿ. ಮೊದಲ ಕೋವಿಯಾದರಂತೂ ನಾನು ಎರಡನೇ ಮಾತು ಹೇಳುವುದಿಲ್ಲ. ದೂರವನ್ನು ಕಣ್ಣಲ್ಲೇ ಅಂದಾಜಿಸಿ ಹೊಡೆಯುವ ಫೀಲ್ಡ್ ಟಾರ್ಗೆಟ್ ಸ್ಪರ್ಧೆಯವರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದೂ ಇದೇ. ಪೆಲೆಟ್ ಬೆಲೆಯೂ ಕಡಿಮೆ, ಅಭ್ಯಾಸಕ್ಕೆ ಕೈ ಬಿಗಿಹಿಡಿಯಬೇಕಿಲ್ಲ.

ದೂರ ಗೊತ್ತಿದೆ, 25 ಮೀಟರಿನೊಳಗೆ, ಮಿಕ ಇಲಿ ಅಥವಾ ಅಳಿಲು ಅಂದರೆ 0.22. ಅಳಿಲು ಗಟ್ಟಿ ಜೀವ, ದೊಡ್ಡ ಪೆಲೆಟ್ ಅಲ್ಲಿ ಒಳ್ಳೆಯದು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ದಪ್ಪ ಪೆಲೆಟ್ ಹಿಡಿದು ತುಂಬುವುದೂ ಸುಲಭ. ಜನವರಿ ಬೆಳಗ್ಗೆ 0.177ರ ಪೆಲೆಟ್‌ಗಳನ್ನು ಹುಲ್ಲಿನಲ್ಲಿ ಹುಡುಕಿದವರಿಗೆ ಇದು ಸಣ್ಣ ಮಾತಲ್ಲ. ರೇಂಜ್‌ಫೈಂಡರ್ ಇಟ್ಟುಕೊಂಡು ಪ್ರತಿ ಹೊಡೆತಕ್ಕೂ ಅಳೆಯುವ ತಾಳ್ಮೆ ಇದ್ದರೆ 0.22ನಲ್ಲೇ ಮೊಲವನ್ನೂ ಹೊಡೆಯಬಹುದು. ನಾನು ಈಗ ಹಾಗೇ ಮಾಡುವುದು.

0.25ನ್ನು 12 ಅಡಿ-ಪೌಂಡಿನಲ್ಲಿ ಯಾರಿಗೂ ಹೇಳುವುದಿಲ್ಲ. ಕೊಟ್ಟಿಗೆಯೊಳಗೆ ಹತ್ತು ಹದಿನೈದು ಮೀಟರಿನಲ್ಲಿ ಇಲಿ ಹೊಡೆಯಲು ಆದೀತು. ಹೊರಗೆ ಬಂದರೆ ಅದರ ದಾರಿ ಕೈಯಲ್ಲಿ ಎಸೆದ ಕಲ್ಲಿನ ದಾರಿಯಂತೆ. ಪ್ರಮಾಣಪತ್ರ ಪಡೆದು 30 ಅಡಿ-ಪೌಂಡ್ ಆಸುಪಾಸಿಗೆ ಹೋದಾಗ ಅದಕ್ಕೆ ಅರ್ಥ ಬರುತ್ತದೆ. 0.20 ಒಳ್ಳೆಯ ನಡುದಾರಿ, ಆದರೆ ಪೆಲೆಟ್‌ಗಳಲ್ಲಿ ಆಯ್ಕೆ ಕಡಿಮೆ. ಹಳ್ಳಿಯ ಅಂಗಡಿಯಲ್ಲಿ ಸಿಗದೆ ಪರದಾಡುತ್ತೀರಿ.

ಕೊಡಗಿನ ಗೆಳೆಯರೊಬ್ಬರು ಈ ತರ್ಕವನ್ನೆಲ್ಲ ಕೇಳಿ ನಕ್ಕರು. ಕೈಲ್‌ಪೊಳ್ದಿನಲ್ಲಿ ಮರದ ತುದಿಯ ತೆಂಗಿನಕಾಯಿಗೆ ಹೊಡೆದವರಿಗೆ ಇದೆಲ್ಲ ಯಾಕೆ ಅಂದರು. ತೆಂಗಿನಕಾಯಿ ದೊಡ್ಡದು ಸ್ವಾಮಿ, ಅದಕ್ಕೆ ನೋವೂ ಆಗುವುದಿಲ್ಲ ಅಂದೆ.

ಹಂತ 7: ಪೆಲೆಟ್ ಆರಿಸಿ

ಕ್ಯಾಲಿಬರ್ ಮುಗಿಯಿತು ಅಂದುಕೊಂಡವರು ಇಲ್ಲಿ ಮುಗ್ಗರಿಸುತ್ತಾರೆ. ಒಂದೇ ಮಾದರಿಯ ಎರಡು ಕೋವಿಗಳು ಬೇರೆ ಬೇರೆ ಪೆಲೆಟ್ ಇಷ್ಟಪಡುತ್ತವೆ. ಪಕ್ಕದವರ ಕೋವಿಗೆ ಒಗ್ಗಿದ್ದು ನಿಮ್ಮದಕ್ಕೆ ಒಗ್ಗಬೇಕೆಂದಿಲ್ಲ.

ಗುಂಡುತಲೆಯ ಪೆಲೆಟ್‌ಗಳನ್ನೇ ತಗೊಳ್ಳಿ. ಚೂಪು ತಲೆಯದ್ದು, ತೂತು ತಲೆಯದ್ದು ಡಬ್ಬಿ ಮೇಲೆ ಚೆಂದ ಕಾಣುತ್ತವೆ, ದೂರದಲ್ಲಿ ಗುಂಡುತಲೆಯಷ್ಟು ನಂಬಿಕೆಗೆ ಬರುವುದಿಲ್ಲ. ಚಪ್ಪಟೆ ತಲೆಯದ್ದು ಹತ್ತು ಮೀಟರಿನ ಕಾಗದಕ್ಕೆ ಮಾಡಿದ್ದು. ಜೆಎಸ್‌ಬಿ ಎಕ್ಸಾಕ್ಟ್, ಏರ್ ಆರ್ಮ್ಸ್ ಡಯಾಬೊಲೊ ಫೀಲ್ಡ್, ಎಚ್ ಅಂಡ್ ಎನ್ ಫೀಲ್ಡ್ ಟಾರ್ಗೆಟ್ ಟ್ರೋಫಿ ಈ ಮೂರರಿಂದ ಶುರು ಮಾಡಿ. ಕೆಲವು ಬ್ರ್ಯಾಂಡಿನ ಡಬ್ಬಿ ಮೇಲೆ 4.51, 4.52 ಅಂತ ತಲೆಯ ಅಳತೆಯೂ ಇರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ.

ಪರೀಕ್ಷೆ ಹೀಗೆ. ಗಾಳಿ ಇಲ್ಲದ ಬೆಳಗ್ಗೆ, 27 ಮೀಟರ್, ಮರಳು ಚೀಲದ ಮೇಲೆ ಕೋವಿ. ಪೆಲೆಟ್ ಬದಲಿಸಿದಾಗ ಮೊದಲ ಹತ್ತು ಹದಿನೈದು ಹೊಡೆತ ಲೆಕ್ಕಕ್ಕೆ ಬೇಡ, ಬ್ಯಾರೆಲ್ ಒಗ್ಗಿಕೊಳ್ಳಲಿ. ಆಮೇಲೆ ಐದೈದರ ಮೂರು ಗುಂಪು ಹೊಡೆಯಿರಿ. ಅತಿ ಚೆಂದದ ಗುಂಪು ನೋಡಬೇಡಿ, ಅತಿ ಕೆಟ್ಟದ್ದನ್ನು ನೋಡಿ. ಕಾಡಿನಲ್ಲಿ ನಿಮ್ಮ ಕೈಗೆ ಬರುವುದು ಅದೇ.

ಎಚ್ಚರಿಕೆಯ ಗುರುತು: ನಾಲ್ಕು ಒಟ್ಟಿಗೆ ಹೋಗಿ ಐದನೆಯದು ದೂರ ಹೋಗುತ್ತಿದ್ದರೆ ಪೆಲೆಟ್ಟಿನ ಲಂಗ ನೋಡಿ. ಹಿಂಭಾಗದ ತೆಳು ಅಂಚು ಜಜ್ಜಿರುತ್ತದೆ. ಡಬ್ಬಿಯನ್ನು ಜೇಬಿನಲ್ಲಿ ಗಿಲಕಿಯಂತೆ ಆಡಿಸಿಕೊಂಡು ಓಡಾಡಿದರೆ ಹೀಗಾಗುತ್ತದೆ.

ಹಂತ 8: ಶಕ್ತಿ ಅಳೆಯಿರಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಪೆಲೆಟ್ ಬದಲಾದರೆ ಶಕ್ತಿಯೂ ಬದಲಾಗುತ್ತದೆ. ಸಾಮಾನ್ಯವಾಗಿ ಪಿಸಿಪಿಯಲ್ಲಿ ಭಾರದ ಪೆಲೆಟ್ ಶಕ್ತಿ ಏರಿಸುತ್ತದೆ, ಸ್ಪ್ರಿಂಗಿನಲ್ಲಿ ಹಗುರದ್ದು ಏರಿಸುತ್ತದೆ.

ಸೂತ್ರ ಸುಲಭ. ಪೆಲೆಟ್ ತೂಕ ಗ್ರೇನ್‌ನಲ್ಲಿ, ವೇಗ ಸೆಕೆಂಡಿಗೆ ಅಡಿಯಲ್ಲಿ. ವೇಗವನ್ನು ವೇಗದಿಂದ ಗುಣಿಸಿ, ತೂಕದಿಂದ ಗುಣಿಸಿ, 450240ರಿಂದ ಭಾಗಿಸಿ. 16 ಗ್ರೇನ್ ಪೆಲೆಟ್ 575 ಅಡಿ ವೇಗದಲ್ಲಿ ಹೋದರೆ 11.75. ಕಾನೂನಿನೊಳಗೆ. ಅದೇ ಕೋವಿಗೆ 18.13 ಗ್ರೇನಿನ ಪೆಲೆಟ್ ಹಾಕಿದಿರಿ, ವೇಗ 550 ಬಂತು ಅಂದರೆ 12.18. ನೀವು ಏನೂ ತಿರುಚಿಲ್ಲ, ಡಬ್ಬಿ ಬದಲಿಸಿದ್ದೀರಿ, ಕೋವಿ ಮಾತ್ರ ಗೆರೆ ದಾಟಿದೆ. ಪೊಲೀಸರು ಪರೀಕ್ಷಿಸುವಾಗ ನಿಮ್ಮ ಇಷ್ಟದ ಪೆಲೆಟ್ ಒಂದನ್ನೇ ಹಾಕಿ ನೋಡುವುದಿಲ್ಲ.

ಹಾಗಾಗಿ 11.5ರ ಸುತ್ತ ಇರಲಿ. ಹತ್ತು ಹೊಡೆತದ ಅತಿ ಹೆಚ್ಚಿನ ವೇಗವನ್ನು ಸೂತ್ರಕ್ಕೆ ಹಾಕಿ, ಸರಾಸರಿಯನ್ನಲ್ಲ. 12ರ ಹತ್ತಿರ ಹೋದರೆ ಕೋವಿ ಬಳಸುವುದನ್ನು ನಿಲ್ಲಿಸಿ, ನೋಂದಾಯಿತ ವ್ಯಾಪಾರಿಗೆ ಫೋನ್ ಮಾಡಿ ಕೇಳಿ.

ಹಂತ 9: ಜೀರೋ ಮಾಡಿ, ಇಳಿತದ ಪಟ್ಟಿ ಬರೆಯಿರಿ

ಜೀರೋ ಅಂದರೆ ಗುರಿ ಇಟ್ಟಲ್ಲೇ ಪೆಲೆಟ್ ಬೀಳುವಂತೆ ಸ್ಕೋಪನ್ನು ಸರಿಮಾಡಿದ ದೂರ. 0.177, 0.22 ಎರಡಕ್ಕೂ 27 ಮೀಟರ್ ಒಳ್ಳೆಯ ಜೀರೋ. ಕೊಟ್ಟಿಗೆ ಇಲಿಗೆ ಮಾತ್ರ ಅಂತಾದರೆ ಆ ಕೊಟ್ಟಿಗೆಯ ದೂರಕ್ಕೇ ಮಾಡಿ.

ಆಮೇಲೆ 9, 14, 18, 23, 27, 32, 36 ಮೀಟರಿನಲ್ಲಿ ಕಾಗದ ನೆಟ್ಟು, ಪ್ರತಿ ಕಡೆ ಗುರಿಯ ನಡುವಿಗೇ ಹೊಡೆಯಿರಿ. ಪೆಲೆಟ್ ಎಷ್ಟು ಮೇಲೆ, ಎಷ್ಟು ಕೆಳಗೆ ಹೋಯಿತು ಬರೆಯಿರಿ. ಮೊಬೈಲ್ ಆ್ಯಪ್ ಕೊಟ್ಟ ಪಟ್ಟಿಯನ್ನೇ ನಂಬಿ ಹೋಗಬೇಡಿ. ಅದು ಶುರು ಮಾಡಲು ಸಾಕು, ಮುಗಿಸಲು ಕಾಗದವೇ ಬೇಕು.

ಇಲ್ಲಿ ಹೊಸಬರನ್ನು ಬೆಚ್ಚಿಬೀಳಿಸುವ ಒಂದು ಸಂಗತಿ ಇದೆ. 0.22ನ್ನು 27ಕ್ಕೆ ಜೀರೋ ಮಾಡಿದಾಗ 18 ಮೀಟರಿನಲ್ಲಿ ಪೆಲೆಟ್ ಒಂದೂಮುಕ್ಕಾಲು ಸೆಂಟಿಮೀಟರ್ ಮೇಲೆ ಹೋಗುತ್ತದೆ. ಹತ್ತಿರದ ಮೊಲ ತಪ್ಪಿಹೋಗುವುದು ಹೀಗೆ, ತಲೆಯ ಮೇಲಿಂದ. 0.177ರಲ್ಲಿ ಅದೇ ಜಾಗದಲ್ಲಿ ಅರ್ಧ ಸೆಂಟಿಮೀಟರೂ ಇಲ್ಲ. ಆದರೆ 9 ಮೀಟರಿನಷ್ಟು ಹತ್ತಿರ ಬಂದಾಗ 0.177 ಸುಮಾರು ಒಂದೂಕಾಲು ಸೆಂಟಿಮೀಟರ್ ಕೆಳಗಿರುತ್ತದೆ, ಸ್ಕೋಪ್ ಬ್ಯಾರೆಲ್ಲಿಗಿಂತ ಮೇಲಿರುವುದರಿಂದ. ಹತ್ತಿರ ಅಂದರೆ ಸುಲಭ ಅಂತಲ್ಲ.

ಪಟ್ಟಿಯನ್ನು ಸಣ್ಣ ಕಾಗದದಲ್ಲಿ ಬರೆದು ಕೋವಿಯ ಹಿಡಿಗೆ ಟೇಪಿನಿಂದ ಅಂಟಿಸಿ.

ಹಂತ 10: ನಾಣ್ಯದ ಪರೀಕ್ಷೆ

ಮಂಡಿಯೂರಿ, ಕೂತು, ಬೇಲಿಗೂಟಕ್ಕೆ ಒರಗಿ, ಹೀಗೆ ನೀವು ನಿಜವಾಗಿ ಹೊಡೆಯುವ ಭಂಗಿಯಲ್ಲಿ 25 ಮಿಲಿಮೀಟರ್ ವೃತ್ತಕ್ಕೆ ಹತ್ತು ಹೊಡೆಯಿರಿ. ಹತ್ತಕ್ಕೆ ಹತ್ತೂ ಒಳಗೆ ಬಿದ್ದ ದೂರವೇ ನಿಮ್ಮ ಬೇಟೆಯ ದೂರ. 20 ಮೀಟರ್ ಬಂತಾ? 20 ಮೀಟರ್. ಒಂಬತ್ತು ಬಿದ್ದರೆ ಮುಂದೆ ನಡೆದು ಹತ್ತಿರದಿಂದ ಮತ್ತೆ ಶುರು ಮಾಡಿ. ಮರಳು ಚೀಲದ ಮೇಲೆ ಬಂದ ಗುಂಪು ಕೋವಿಯದ್ದು, ಇದು ನಿಮ್ಮದು.

ಗಾಳಿ ಬೀಸುವ ದಿನ ಇದನ್ನೇ ಮತ್ತೆ ಮಾಡಿ. ಎರಡೂ ಕ್ಯಾಲಿಬರು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತವೆ. ನಿಮ್ಮ ದೂರ ಮೂರನೇ ಒಂದು ಭಾಗ ಕುಗ್ಗಿದರೆ ಆಶ್ಚರ್ಯಪಡಬೇಡಿ.

ಹಂತ 11: ಮೊದಲ ಸಂಜೆ

ಹಿನ್ನೆಲೆ ಮೊದಲು, ಮಿಕ ಆಮೇಲೆ. ಮೊಲದ ಹಿಂದೆ ಮಣ್ಣಿನ ದಿಣ್ಣೆ ಇರಬೇಕು. ದಿಬ್ಬದ ಅಂಚಿನಲ್ಲಿ ಆಕಾಶದ ಎದುರು ಕೂತ ಮೊಲಕ್ಕೆ ಹೊಡೆಯಬಾರದು. ಕಲ್ಲು, ನೀರು, ಗಟ್ಟಿ ನೆಲ ಇದ್ದರೆ ಪೆಲೆಟ್ ಪುಟಿದು ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಈ ಶಕ್ತಿಯಲ್ಲಿ ಮೊಲ, ಅಳಿಲು, ಇಲಿ ಮೂರಕ್ಕೂ ತಲೆಯೇ ಗುರಿ. ಎದೆಗೆ ಹೊಡೆದರೆ ಓಡಿ ಬಿಲದಲ್ಲಿ ನರಳುತ್ತದೆ. ಪಾರಿವಾಳದ ಎದುರಿನಿಂದ ಎದೆಗೆ ಹೊಡೆಯುವುದಂತೂ ಬೇಡವೇ ಬೇಡ. ಗಂಟಲ ಚೀಲದ ತುಂಬ ಕಾಳು ಇರುತ್ತದೆ, ಮೇಲೆ ದಪ್ಪ ಪುಕ್ಕ. ಪೆಲೆಟ್ ಅಲ್ಲೇ ನಿಲ್ಲುತ್ತದೆ. ತಲೆ ಅಥವಾ ಕತ್ತಿನ ಬುಡ ಸಿಗುವ ತನಕ ಕಾಯಿರಿ.

ಹೊಡೆದ ಕೂಡಲೇ ಮತ್ತೆ ತುಂಬಿಕೊಳ್ಳಿ, ಸ್ಕೋಪಿನಲ್ಲೇ ನೋಡುತ್ತಿರಿ. ಮೊಲ ಸತ್ತ ಮೇಲೂ ಕಾಲು ಒದರುವುದುಂಟು. ಕತ್ತೆತ್ತಿದರೆ ಮಾತ್ರ ಎರಡನೇ ಪೆಲೆಟ್, ತಡಮಾಡದೆ. ಓಡಿಹೋದರೆ ಆ ಸಂಜೆಯ ಕೆಲಸ ಅದನ್ನು ಹುಡುಕುವುದು, ಇನ್ನೊಂದನ್ನು ಹೊಡೆಯುವುದಲ್ಲ.

ಅಡುಗೆಗೆ ಒಯ್ಯುವವರು ಕಣ್ಣು ನೋಡಿ. ಕಣ್ಣಿನ ಸುತ್ತ ಊದಿಕೊಂಡು ಕೀವು ಕಟ್ಟಿದ್ದರೆ ಅದು ಮಿಕ್ಸೊಮಟೋಸಿಸ್ ರೋಗ. ತಿನ್ನಬೇಡಿ. ಪೆಲೆಟ್ ಹೋದ ಸುತ್ತಲಿನ ಮಾಂಸ ಕತ್ತರಿಸಿ ಬಿಸಾಡಿ, ಸೀಸದ ಚೂರು ಇರಬಹುದು. ಪೆಲೆಟ್ ಮುಟ್ಟಿದ ಕೈಯಲ್ಲಿ ಬುತ್ತಿ ಬಿಚ್ಚಬೇಡಿ.

ಗುರಿ ತಪ್ಪಲು ಶುರುವಾದರೆ

ಕ್ಯಾಲಿಬರ್ ಬದಲಿಸುವ ಮೊದಲು ಈ ಕ್ರಮದಲ್ಲಿ ಹುಡುಕಿ. ಸ್ಕೋಪ್ ಹಿಡಿದಿರುವ ಸ್ಕ್ರೂ ಸಡಿಲವಾಗಿದೆಯಾ? ಕೋವಿಯ ಮರದ ಭಾಗವನ್ನು ಕಟ್ಟಿರುವ ಸ್ಕ್ರೂ? ಸ್ಪ್ರಿಂಗ್ ಕೋವಿಯಲ್ಲಿ ಇವೆರಡೂ ಅಲುಗಾಡಿಯೇ ಅಲುಗಾಡುತ್ತವೆ. ಬ್ಯಾರೆಲ್ ತುದಿಗೆ ಸದ್ದಡಗಿಸುವ ಮಫ್ಲರ್ ಹಾಕಿದ್ದರೆ ಅದು ಓರೆಯಾಗಿ ಪೆಲೆಟ್‌ಗೆ ತಾಗುತ್ತಿದೆಯಾ? ಪಿಸಿಪಿಯಲ್ಲಿ ಗಾಳಿ ಇಳಿದಿದೆಯಾ? ಡಬ್ಬಿ ಹೊಸದಾ? ಬ್ಯಾರೆಲ್ ಒಳಗೆ ಸೀಸ ಕಟ್ಟಿದೆಯಾ? ಇಷ್ಟೂ ಸರಿ ಇದ್ದರೆ ಟೇಪು ತಗೊಂಡು ಹೊಲಕ್ಕೆ ಹೋಗಿ. ಕೊನೆಯ ಸಲ ಮೊಲ ಕೂತಿದ್ದ ಜಾಗಕ್ಕೂ ನೀವು ಕೂತಿದ್ದ ಜಾಗಕ್ಕೂ ನಡುವೆ ಅಳೆಯಿರಿ. ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲೇ ಬಿದ್ದಿರುತ್ತದೆ.